8 ಜಿಬಿ ಮೆಮೊರಿಯಲ್ಲಿ ಕಂಟೇನರ್‌ಗಳು, ಎಲ್ಲ ಲಾಗ್ ಒಂದೇ ಕಡೆ: ಆಗುತ್ತದಾ?

ಬದಿಯಡ್ಕದ ಹುಡುಗ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ.

ನಾವು ಮೂವರು ಸೇರಿ ಇಲ್ಲಿನ (ಕಾಸರಗೋಡು ಕಡೆಯ) ಒಂದು ಹಾಲಿನ ಸೊಸೈಟಿಗೆ ವೆಬ್ ಆಪ್ ಮಾಡಿಕೊಟ್ಟಿದ್ದೇವೆ. ದಿನಕ್ಕೆ ಎರಡು ಹೊತ್ತು ಹಾಲಿನ ಅಳತೆ, ಫ್ಯಾಟ್, ರೇಟು ಎಂಟ್ರಿ ಆಗುತ್ತದೆ. ಹತ್ತು ದಿನಕ್ಕೊಮ್ಮೆ ಲೆಕ್ಕ ಹಾಕಿ ಸದಸ್ಯರ ಫೋನಿಗೆ ಮೆಸೇಜ್ ಹೋಗುತ್ತದೆ. ಒಳಗೆ ಪೈಥಾನ್‌ನ ಜಾಂಗೋದಲ್ಲಿ ಬರೆದ ಆಪ್, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್, ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್, ಮೆಸೇಜ್ ಕಳಿಸಲಿಕ್ಕೆ ಸೆಲರಿ ವರ್ಕರ್ ಒಂದು, ಎದುರಿಗೆ ವೆಬ್ ಸರ್ವರ್ ಎಂಜಿನ್‌ಎಕ್ಸ್. ಸೊಸೈಟಿಯ ಕೋಣೆಯಲ್ಲೇ ಒಂದು 8 ಜಿಬಿ ಪಿಸಿ ಇದೆ. ಅದರಲ್ಲಿ ಉಬುಂಟು, ಅದರ ಮೇಲೆ ಡಾಕರ್, ಅಂದರೆ ಒಂದೊಂದು ಸರ್ವಿಸನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಯಲ್ಲಿ ಓಡಿಸುವ ಸಾಮಾನು.

ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಡಾಕರ್ ಇಲ್ಲ. ಒಬ್ಬೊಬ್ಬರದ್ದು ಒಂದೊಂದು ರೀತಿ. ನನ್ನದು ಉಬುಂಟು, ಉಪ್ಪಳದ ಗೆಳೆಯನದ್ದು ವಿಂಡೋಸ್, ಇನ್ನೊಬ್ಬಳದ್ದು ಆಪಲ್ ಎಂ1. ಪೈಥಾನ್ ಮೂರು ವರ್ಷನ್, ಪೋಸ್ಟ್‌ಗ್ರೆಸ್ ಎರಡು ವರ್ಷನ್. ನನ್ನ ಹತ್ತಿರ ಬರುವ ಎರರ್ ಅವಳ ಹತ್ತಿರ ಬರುವುದಿಲ್ಲ.

ಕಳೆದ ಬಟವಾಡೆಯಲ್ಲಿ ಕೆಲವು ಸದಸ್ಯರಿಗೆ ಮೆಸೇಜ್ ಹೋಗಲಿಲ್ಲ. ನಾನು ಹೋಗಿ ನೋಡಿದೆ. ಏನೋ ಸಿಕ್ಕಿಹಾಕಿಕೊಂಡಿದೆ ಅಂದುಕೊಂಡು ಎಲ್ಲ ಕಂಟೇನರ್ ಒಟ್ಟಿಗೆ ಎಬ್ಬಿಸುವ, ಇಳಿಸುವ ಡಾಕರ್ ಕಂಪೋಸ್‌ನಲ್ಲಿ ‘ಕಂಪೋಸ್ ಡೌನ್’ ಕೊಟ್ಟು, ಮತ್ತೆ ‘ಅಪ್’ ಮಾಡಿದೆ. ಆಮೇಲೆ ಲಾಗ್ (ಪ್ರೋಗ್ರಾಂ ಏನೇನು ಮಾಡಿತು ಅಂತ ಬರೆದಿಡುವ ಸಾಲುಗಳು) ತೆಗೆದರೆ ಹಳೆಯದೊಂದೂ ಇಲ್ಲ, ಹೊಸ ಕಂಟೇನರ್ ಶುರುವಾದ ನಾಲ್ಕು ಸಾಲು ಮಾತ್ರ. ಅಷ್ಟರಲ್ಲಿ ಕೌಂಟರ್ ಹತ್ತಿರ ಒಬ್ಬರು ಅಜ್ಜ ಬಂದು ತಮ್ಮ ಕೀಪ್ಯಾಡ್ ಫೋನನ್ನು ನನ್ನ ಕೈಗೆ ಕೊಟ್ಟರು. "ನೋಡು ಮಗಾ, ನಂದು ಬಂದಿದ್ಯಾ ಅಂತ" ಎಂದರು. ಇನ್‌ಬಾಕ್ಸ್ ಮೇಲಿಂದ ಕೆಳಗೆ ನೋಡಿದೆ. ಬಂದಿರಲಿಲ್ಲ. ಯಾಕೆ ಬರಲಿಲ್ಲ ಅಂತ ಅವರಿಗೆ ಹೇಳಲಿಕ್ಕೆ ನನ್ನ ಹತ್ತಿರ ಒಂದು ಸಾಲು ಸಾಕ್ಷಿಯೂ ಇರಲಿಲ್ಲ.

ಹಾಗಾಗಿ ಎರಡು ಬೇಕು. ಮೂರೂ ಲ್ಯಾಪ್‌ಟಾಪಲ್ಲಿ ಸೊಸೈಟಿ ಪಿಸಿಯಲ್ಲಿ ಇರುವ ಹಾಗೆಯೇ ಒಂದು ಸೆಟಪ್. ಮತ್ತೆ ಐದೂ ಸರ್ವಿಸ್‌ಗಳ ಲಾಗ್ ಒಂದೇ ಕಡೆ ಸೇರಬೇಕು, ಕಂಟೇನರ್ ಹೋದರೂ ಲಾಗ್ ಉಳಿಯಬೇಕು. ಇದು 8 ಜಿಬಿಯಲ್ಲಿ ಆಗುತ್ತದಾ?

ಮುಳ್ಳೇರಿಯ ಅಕ್ಕ · ಶನಿವಾರ, ರಾತ್ರಿ 10:25

ಆಗುತ್ತದೆ ತಮ್ಮಾ. ಆದರೆ ಒಂದೊಂದಾಗಿ ಮಾಡು, ಎಲ್ಲ ಒಟ್ಟಿಗೆ ಬೇಡ.

ಮೊದಲು ಏನಾಯಿತು ಅಂತ ತಿಳಿದುಕೋ. ಡಾಕರ್ ಮಾಮೂಲಾಗಿ ಕಂಟೇನರ್‌ನ ಲಾಗನ್ನು ಒಂದು ಜೇಸನ್ ಫೈಲಿಗೆ ಬರೆಯುತ್ತದೆ. ಆ ಫೈಲ್ ಕಂಟೇನರ್‌ನದ್ದೇ ಫೋಲ್ಡರಲ್ಲಿ ಇರುತ್ತದೆ. ‘ಸ್ಟಾಪ್’ ಕೊಟ್ಟರೆ ಕಂಟೇನರ್ ನಿಲ್ಲುತ್ತದೆ, ಫೈಲ್ ಇರುತ್ತದೆ. ‘ಡೌನ್’ ಕೊಟ್ಟರೆ ಕಂಟೇನರನ್ನೇ ಅಳಿಸುತ್ತದೆ, ಫೈಲೂ ಅದರ ಜೊತೆ ಹೋಯಿತು. ‘ಡೌನ್’ ಜೊತೆಗೆ ‘ಡ್ಯಾಶ್ ವಿ’ ಸೇರಿಸಿದ್ದರೆ ಡೇಟಾಬೇಸ್‌ನ ವಾಲ್ಯೂಮ್ (ಕಂಟೇನರ್ ಹೋದರೂ ಡೇಟಾ ಉಳಿಯುವ ಜಾಗ) ಕೂಡ ಹೋಗುತ್ತಿತ್ತು. ಸೊಸೈಟಿ ಪಿಸಿಯಲ್ಲಿ ಆ ಎರಡಕ್ಷರ ಯಾರೂ ಟೈಪ್ ಮಾಡಬಾರದು, ಇದನ್ನು ಗೋಡೆ ಮೇಲೆ ಬರೆದು ಅಂಟಿಸಿ.

ಇನ್ನು ಸೆಟಪ್. ಒಂದೇ ಕಂಪೋಸ್ ಫೈಲ್ ಮಾಡಿ ಗಿಟ್‌ನಲ್ಲಿ ಇಡಿ. ಲ್ಯಾಪ್‌ಟಾಪ್‌ಗೆ ಬೇಕಾದ ವ್ಯತ್ಯಾಸಗಳನ್ನು ಓವರ್‌ರೈಡ್ ಫೈಲಲ್ಲಿ ಹಾಕಿ. ಕೋಡ್ ಫೋಲ್ಡರನ್ನು ಒಳಗೆ ಮೌಂಟ್ ಮಾಡುವುದು, ಡೀಬಗ್ ಆನ್ ಮಾಡುವುದು, ಅಂಥವು. ಇಮೇಜ್‌ಗಳಿಗೆ (ಕಂಟೇನರ್ ಎಬ್ಬಿಸುವ ಅಚ್ಚು) ‘ಲೇಟೆಸ್ಟ್’ ಅಂತ ಬರೆಯಬೇಡಿ, ವರ್ಷನ್ ನಂಬರ್ ಕೊಡಿ. ಪೋಸ್ಟ್‌ಗ್ರೆಸ್‌ನಲ್ಲಿ ಇದು ತುಂಬ ಮುಖ್ಯ. ಒಂದು ದೊಡ್ಡ ವರ್ಷನ್‌ನ ಡೇಟಾ ಫೋಲ್ಡರನ್ನು ಮುಂದಿನ ವರ್ಷನ್ ತೆರೆಯುವುದಿಲ್ಲ, ಶುರುವೇ ಆಗುವುದಿಲ್ಲ. 17ರವರೆಗೆ ವಾಲ್ಯೂಮ್ ಕೂರಿಸುತ್ತಿದ್ದ ಜಾಗ ಬೇರೆ, 18ರಿಂದ ಬೇರೆ. ಇಂಟರ್ನೆಟ್‌ನಲ್ಲಿ ಸಿಕ್ಕಿದ ಹಳೆಯ ಫೈಲನ್ನು ಹಾಗೇ ಕಾಪಿ ಮಾಡಿದರೆ ಅಲ್ಲೇ ಎಡವುತ್ತೀರಿ.

ಜಾಂಗೋ ಶುರುವಾಗುವ ಮೊದಲು ಪೋಸ್ಟ್‌ಗ್ರೆಸ್ ತಯಾರಾಗಿರಬೇಕಲ್ವಾ? ಬರೀ ‘ಡಿಪೆಂಡ್ಸ್ ಆನ್’ ಬರೆದರೆ ಅದು ಕಂಟೇನರ್ ಎದ್ದಿತಾ ಅಂತ ಮಾತ್ರ ನೋಡುತ್ತದೆ. ಒಳಗಿನ ಡೇಟಾಬೇಸ್ ತಯಾರಾಯಿತಾ ಅಂತ ನೋಡುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಹೆಲ್ತ್‌ಚೆಕ್ ಬರೆದು, ಅದು ಸರಿ ಅಂದಮೇಲೆ ಮಾತ್ರ ಜಾಂಗೋ ಏಳುವ ಹಾಗೆ ಮಾಡು. ಮತ್ತೆ ಕಂಟೇನರ್ ಒಳಗೆ ‘ಲೋಕಲ್‌ಹೋಸ್ಟ್’ ಅಂದರೆ ಆ ಕಂಟೇನರೇ. ಡೇಟಾಬೇಸ್ ವಿಳಾಸ ಅಂತ ಸರ್ವಿಸ್‌ನ ಹೆಸರನ್ನೇ ಕೊಡಬೇಕು.

ಲಾಗ್ ವಿಷಯ ನಾಳೆ ಬೆಳಿಗ್ಗೆ ಬರೆಯುತ್ತೇನೆ. ಈಗ ಇಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿದೆ.

ಹೊಸಂಗಡಿ 9200 · ಶನಿವಾರ, ರಾತ್ರಿ 11:05

ಲಾಗ್ ಅಂದರೆ ಹುಡುಕಲಿಕ್ಕೆ ಎಲಾಸ್ಟಿಕ್‌ಸರ್ಚ್, ಪರದೆಯಲ್ಲಿ ನೋಡಲಿಕ್ಕೆ ಕಿಬಾನಾ ಹಾಕಿ. ನಾನು ಆರು ವರ್ಷದಿಂದ ಅದರಲ್ಲೇ ಕೆಲಸ ಮಾಡುತ್ತಿದ್ದೇನೆ. ಲಾಗ್‌ನ ಪ್ರತಿ ಪದಕ್ಕೂ ಇಂಡೆಕ್ಸ್ ಇರುತ್ತದೆ. ಏನು ಹುಡುಕಬೇಕು ಅಂತ ನಿಮಗೇ ಗೊತ್ತಿಲ್ಲದಾಗ ಅದರಷ್ಟು ಸಹಾಯ ಮಾಡುವುದು ಬೇರೆ ಇಲ್ಲ. ಶುರು ಮಾಡುವ ಮೊದಲು ಹೋಸ್ಟ್‌ನಲ್ಲಿ ಮೆಮೊರಿ ಮ್ಯಾಪ್ ಮಿತಿಯನ್ನು ಕನಿಷ್ಠ 2,62,144ಕ್ಕೆ ಏರಿಸಿ, ಇಲ್ಲದಿದ್ದರೆ ಅದು ಏಳುವುದಿಲ್ಲ.

ಮುಳ್ಳೇರಿಯ ಅಕ್ಕ · ಭಾನುವಾರ, ಬೆಳಿಗ್ಗೆ 7:15

ಹೊಸಂಗಡಿಯವರೇ, ನೀವು ಹೇಳಿದ್ದು ಸರಿ. ದೊಡ್ಡ ಕಂಪನಿಯಲ್ಲಿ ನಾನೂ ಅದನ್ನೇ ಹಾಕುತ್ತೇನೆ. ಆದರೆ ಇಲ್ಲಿ ಇರುವುದು 8 ಜಿಬಿ. ಎಲಾಸ್ಟಿಕ್‌ಸರ್ಚ್ ಜಾವಾದಲ್ಲಿ ಓಡುತ್ತದೆ, ಮಿತಿ ಹಾಕದಿದ್ದರೆ ತನಗೆ ಕಾಣುವ ಮೆಮೊರಿಯ ಅರ್ಧದಷ್ಟನ್ನು ಹೀಪ್‌ಗೆ (ತನ್ನ ಕೆಲಸದ ಜಾಗಕ್ಕೆ) ತೆಗೆದುಕೊಳ್ಳುತ್ತದೆ. ಹೀಪ್ ಕಡಿಮೆ ಮಾಡಿ ಓಡಿಸಬಹುದು. ಆದರೆ ಹಾಲಿನ ಲೆಕ್ಕಕ್ಕಿಂತ ಲಾಗ್ ನೋಡುವ ಸಾಮಾನೇ ಜಾಸ್ತಿ ತಿನ್ನುವುದು ನನಗೆ ಸರಿ ಕಾಣುವುದಿಲ್ಲ.

ನಾನು ಹೇಳುವುದು ಲೋಕಿ, ಅದೂ ಲಾಗ್ ಕೂಡಿಡುವ ಸಾಮಾನೇ. ಗ್ರಾಫಾನಾದವರು 2018ರಲ್ಲಿ ಬಿಟ್ಟದ್ದು. ಅದು ಲಾಗ್‌ನ ಪದಗಳಿಗೆ ಇಂಡೆಕ್ಸ್ ಮಾಡುವುದೇ ಇಲ್ಲ. ಲೇಬಲ್‌ಗಳಿಗೆ ಮಾತ್ರ ಮಾಡುತ್ತದೆ. ಉಳಿದ ಸಾಲುಗಳನ್ನು ಒತ್ತಿ ಕಟ್ಟಿ ಇಡುತ್ತದೆ. ಹುಡುಕುವಾಗ ಮೊದಲು ಲೇಬಲ್ ನೋಡಿ ಕಟ್ಟು ಆರಿಸುತ್ತದೆ, ಆಮೇಲೆ ಆ ಕಟ್ಟು ಬಿಚ್ಚಿ ಸಾಲು ಸಾಲು ಓದುತ್ತದೆ. ಅಡಿಕೆ ಗೋಣಿ ನೆನಪು ಮಾಡಿಕೋ. ಗೋಣಿ ಹೊರಗೆ ‘ಹೊಸ ಅಡಿಕೆ’, ‘ಪಟೋರ’, ‘ಕರಿಗೋಟು’ ಅಂತ ಚೀಟಿ ಇರುತ್ತದೆ. ಒಂದೊಂದು ಅಡಿಕೆಗೂ ಚೀಟಿ ಅಂಟಿಸುವುದಿಲ್ಲ ಅಲ್ವಾ. ಲೇಬಲ್ ಕೂಡ ಹಾಗೆ, ಸರ್ವಿಸ್ ಹೆಸರು, ಲಾಗ್ ಮಟ್ಟ, ಯಾವ ಮೆಷಿನ್ ಅನ್ನುವುದು, ಇಷ್ಟೇ ಸಾಕು. ಸದಸ್ಯರ ನಂಬರನ್ನು ಲೇಬಲ್ ಮಾಡಿದರೆ ಒಬ್ಬೊಬ್ಬರಿಗೆ ಒಂದೊಂದು ಗೋಣಿ ಆಗುತ್ತದೆ, ಲೋಕಿ ಅಲ್ಲೇ ಕುಸಿಯುತ್ತದೆ. ಆ ನಂಬರ್ ಸಾಲಿನ ಒಳಗೆ ಇರಲಿ.

ಲಾಗನ್ನು ಎತ್ತಿ ಲೋಕಿಗೆ ಕಳಿಸಲಿಕ್ಕೆ ಒಂದು ಕಲೆಕ್ಟರ್ ಬೇಕು. ಹಳೆಯ ಲೇಖನಗಳಲ್ಲೆಲ್ಲ ಪ್ರಾಮ್‌ಟೇಲ್ ಅಂತ ಇರುತ್ತದೆ. ಅದನ್ನು ಹೊಸದಾಗಿ ಹಾಕಬೇಡ, ಅದರ ಕಾಲ ಮುಗಿಯಿತು. ಅದರ ಬದಲಿಗೆ ಅವರದ್ದೇ ಆದ ಅಲಾಯ್ ಬಂದಿದೆ, 2024ರಲ್ಲಿ. ಇನ್ನೂ ಹಗುರ ಬೇಕಾದರೆ ಸಿ ಭಾಷೆಯಲ್ಲಿ ಬರೆದ ಫ್ಲುಯೆಂಟ್ ಬಿಟ್ ಉಂಟು.

ಡಾಕರ್‌ಗೇ ಲೋಕಿಯ ಪ್ಲಗಿನ್ ಕೂರಿಸುವ ಇನ್ನೊಂದು ದಾರಿ ಇದೆ. ನೋಡಲಿಕ್ಕೆ ಸುಲಭ. ಆದರೆ ಲೋಕಿ ಬಿದ್ದಿರುವಾಗ ಕಂಟೇನರ್ ನಿಲ್ಲಿಸಲಿಕ್ಕೆ ಹೋದರೆ ಡಾಕರೇ ಸಿಕ್ಕಿಹಾಕಿಕೊಳ್ಳುವುದನ್ನು ಕಣ್ಣಾರೆ ನೋಡಿದ್ದೇನೆ. ಆಪ್ ಬರೆಯುವುದು ಬರೆಯುತ್ತಿರಲಿ, ಎತ್ತುವವನು ಪಕ್ಕದಲ್ಲಿ ನಿಂತು ಎತ್ತಲಿ. ಎತ್ತುವವನು ಬಿದ್ದರೆ ಹಾಲಿನ ಎಂಟ್ರಿ ನಿಲ್ಲಬಾರದು.

ಲೋಕಿಯಲ್ಲಿ ಇರುವುದನ್ನು ಬ್ರೌಸರಲ್ಲಿ ನೋಡಲಿಕ್ಕೆ ಗ್ರಾಫಾನಾ ಹಾಕು. ಲೋಕಿಯ ಪೋರ್ಟ್ 3100, ಗ್ರಾಫಾನಾದ್ದು 3000. ಎರಡನ್ನೂ ಕಂಪೋಸ್‌ನಲ್ಲಿ 127.0.0.1ಗೆ, ಅಂದರೆ ಆ ಮೆಷಿನ್ ಒಳಗಿಗೆ ಮಾತ್ರ ಕಟ್ಟು. ಬರೀ ಪೋರ್ಟ್ ನಂಬರ್ ಬರೆದರೆ ಡಾಕರ್ ಅದನ್ನು ಎಲ್ಲ ಕಡೆಗೂ ತೆರೆಯುತ್ತದೆ. ಉಬುಂಟುವಿನ ಫೈರ್‌ವಾಲ್ ಹಾಕಿದ್ದೇನೆ ಅಂತ ನೀನು ಧೈರ್ಯದಲ್ಲಿ ಇರುತ್ತೀಯ, ಡಾಕರ್ ಅದನ್ನು ದಾಟಿ ಹೋಗಿರುತ್ತದೆ. ಗ್ರಾಫಾನಾದ ಮೊದಲ ಪಾಸ್‌ವರ್ಡ್ ಜಗತ್ತಿಗೇ ಗೊತ್ತು, ಮೊದಲ ನಿಮಿಷದಲ್ಲೇ ಬದಲಿಸು.

ಸೀತಾಂಗೋಳಿ · ಭಾನುವಾರ, ಬೆಳಿಗ್ಗೆ 9:30

ಲ್ಯಾಪ್‌ಟಾಪಲ್ಲಿ ಇಷ್ಟೆಲ್ಲ ಬೇಕಾ ಅಕ್ಕಾ? ಡೆವಲಪ್‌ಮೆಂಟ್‌ಗೆ ನಾನು ಡೋಝಲ್ ಹಾಕುತ್ತೇನೆ. ಒಂದೇ ಸಣ್ಣ ಕಂಟೇನರ್, ಬ್ರೌಸರಲ್ಲಿ ಎಲ್ಲ ಸರ್ವಿಸ್‌ಗಳ ಲಾಗ್ ಒಟ್ಟಿಗೆ ಕಾಣುತ್ತದೆ.

ಮುಳ್ಳೇರಿಯ ಅಕ್ಕ · ಭಾನುವಾರ, ಬೆಳಿಗ್ಗೆ 9:50

ಡೋಝಲ್ ನನಗೂ ಇಷ್ಟ. ಆದರೆ ಅದು ಏನನ್ನೂ ಉಳಿಸಿಡುವುದಿಲ್ಲ, ಇದ್ದದ್ದನ್ನು ತೋರಿಸುತ್ತದೆ ಅಷ್ಟೇ. ಇವನ ತೊಂದರೆಯೇ ಲಾಗ್ ಉಳಿಯಲಿಲ್ಲ ಅನ್ನುವುದು. ಲ್ಯಾಪ್‌ಟಾಪಲ್ಲಿ ಡೋಝಲ್ ಸಾಕು ಅಂತ ನಾನೂ ಒಪ್ಪುತ್ತೇನೆ, ಆದರೆ ಲೋಕಿಯನ್ನೂ ಕಂಪೋಸ್‌ನ ಪ್ರೊಫೈಲ್‌ನಲ್ಲಿ ಇಟ್ಟಿರಲಿ. ಬೇಕಾದಾಗ ‘ಲಾಗ್’ ಪ್ರೊಫೈಲ್ ಹೇಳಿ ಎಬ್ಬಿಸಬಹುದು. ಸೊಸೈಟಿ ಪಿಸಿಯಲ್ಲಿ ಬರುವ ತೊಂದರೆಯನ್ನು ಮನೆಯಲ್ಲಿ ಹುಡುಕುವಾಗ ಅದೇ ಹುಡುಕಾಟ, ಅದೇ ಪರದೆ ಇರಬೇಕು. ಇಲ್ಲದಿದ್ದರೆ ಅವಸರದಲ್ಲಿ ಕೈ ತಡವರಿಸುತ್ತದೆ.

ಉಪ್ಪಳ ಎಕ್ಸ್‌ಪ್ರೆಸ್ · ಭಾನುವಾರ, ಮಧ್ಯಾಹ್ನ 2:10

ನಾನೇ ಆ ವಿಂಡೋಸ್ ಗೆಳೆಯ. ಅಕ್ಕ ಹೇಳಿದ ಹಾಗೆ ಕಂಪೋಸ್ ಫೈಲ್ ಮಾಡಿದೆವು, ಎದ್ದಿತು. ಆದರೆ ನನ್ನ ಹತ್ತಿರ ಪೇಜ್ ತೆರೆಯಲಿಕ್ಕೆ ತುಂಬ ಹೊತ್ತು ಹಿಡಿಯುತ್ತದೆ. ಕೋಡ್ ಬದಲಿಸಿ ಸೇವ್ ಮಾಡಿದರೂ ಜಾಂಗೋ ರೀಲೋಡ್ ಆಗುವುದಿಲ್ಲ. ಅವನ ಉಬುಂಟುವಿನಲ್ಲಿ ಎಲ್ಲ ಸರಿ ಇದೆ.

ಸೀತಾಂಗೋಳಿ · ಭಾನುವಾರ, ಮಧ್ಯಾಹ್ನ 2:25

ಕೋಡ್ ಸಿ ಡ್ರೈವ್‌ನಲ್ಲಿ ಇಟ್ಟಿದ್ದೀರಲ್ವಾ? ಅದನ್ನು ಡಬ್ಲ್ಯುಎಸ್‌ಎಲ್‌ನ (ವಿಂಡೋಸ್ ಒಳಗೆ ಓಡುವ ಲಿನಕ್ಸ್) ಒಳಗಿನ ಹೋಮ್ ಫೋಲ್ಡರಿಗೆ ತನ್ನಿ. ಸಿ ಡ್ರೈವ್‌ನಿಂದ ಓದುವಾಗ ಪ್ರತಿ ಫೈಲೂ ವಿಂಡೋಸ್‌ನ ಗಡಿ ದಾಟಿ ಬರಬೇಕು, ಅದಕ್ಕೇ ನಿಧಾನ. ಫೈಲ್ ಬದಲಾಯಿತು ಅನ್ನುವ ಸುದ್ದಿ ಆ ಗಡಿ ದಾಟಿ ಬರುವುದೂ ಇಲ್ಲ. ಆ ಸುದ್ದಿಗೆ ಕಾಯುವ ರೀಲೋಡರ್ ಆದರೆ ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಜೊತೆಗೆ ಡಬ್ಲ್ಯುಎಸ್‌ಎಲ್ ನಿಮ್ಮ ಮೆಮೊರಿಯ ಅರ್ಧದವರೆಗೂ ಎಳೆಯುತ್ತದೆ. ನಿಮ್ಮ ಯೂಸರ್ ಫೋಲ್ಡರಲ್ಲಿ ಅದರ ಕಾನ್ಫಿಗ್ ಫೈಲ್ ಮಾಡಿ, ಎಷ್ಟು ಜಿಬಿ ಅಂತ ನೀವೇ ಮಿತಿ ಬರೆಯಿರಿ.

ಉಪ್ಪಳ ಎಕ್ಸ್‌ಪ್ರೆಸ್ · ಭಾನುವಾರ, ಸಂಜೆ 4:00

ಆಯ್ತು! ಸೇವ್ ಮಾಡಿದ ಕೂಡಲೇ ರೀಲೋಡ್ ಆಗುತ್ತಿದೆ. ತುಂಬ ಥ್ಯಾಂಕ್ಸ್ ಅಣ್ಣಾ.

ಬದಿಯಡ್ಕದ ಹುಡುಗ · ಭಾನುವಾರ, ರಾತ್ರಿ 8:20

ಲೋಕಿ, ಅಲಾಯ್, ಗ್ರಾಫಾನಾ ಮೂರೂ ನನ್ನ ಲ್ಯಾಪ್‌ಟಾಪಲ್ಲಿ ಎದ್ದವು. ಎಂಜಿನ್‌ಎಕ್ಸ್, ಪೋಸ್ಟ್‌ಗ್ರೆಸ್ ಲಾಗ್ ಬರುತ್ತಿದೆ. ವರ್ಕರ್‌ನಲ್ಲಿ ನಾವು ಪ್ರಿಂಟ್ ಹಾಕಿದ ಸಾಲುಗಳು ಮಾತ್ರ ಬರುವುದಿಲ್ಲ. ಸುಮಾರು ಹೊತ್ತು ಕಳೆದ ಮೇಲೆ ಒಮ್ಮೆಲೇ ಗುಂಪಾಗಿ ಬರುತ್ತವೆ. ಇನ್ನೊಂದು, ಜಾಂಗೋದ ಲಾಗ್ ಬರುವುದೇ ಇಲ್ಲ.

ಮುಳ್ಳೇರಿಯ ಅಕ್ಕ · ಭಾನುವಾರ, ರಾತ್ರಿ 8:55

ಜಾಂಗೋದ ಸೆಟ್ಟಿಂಗ್ಸ್ ನೋಡು, ಲಾಗನ್ನು ಫೈಲಿಗೆ ಬರೆಯಲಿಕ್ಕೆ ಹೇಳಿರುತ್ತೀರಿ. ಕಂಟೇನರ್‌ನಲ್ಲಿ ಆಪ್ ತನ್ನ ಲಾಗನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬಿಡಬೇಕು. ಎಂಜಿನ್‌ಎಕ್ಸ್‌ನದ್ದು ಹೇಗೆ ತಾನಾಗಿ ಬಂತು ಗೊತ್ತಾ? ಅದರ ಅಧಿಕೃತ ಇಮೇಜ್‌ನಲ್ಲಿ ಲಾಗ್ ಫೈಲ್‌ಗಳಿಂದ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೂ ಎರರ್ ಔಟ್‌ಪುಟ್‌ಗೂ ಮೊದಲೇ ಲಿಂಕ್ ಹಾಕಿದ್ದಾರೆ.

ವರ್ಕರ್‌ನಲ್ಲಿ ಗುಂಪಾಗಿ ಬರುವುದು ಪೈಥಾನ್‌ನ ಬಫರ್. ಎದುರಿಗೆ ಟರ್ಮಿನಲ್ ಇಲ್ಲದಿದ್ದರೆ ಪೈಥಾನ್ ಪ್ರಿಂಟ್ ಸಾಲುಗಳನ್ನು ಕೂಡಿಟ್ಟು ಒಟ್ಟಿಗೆ ಬಿಡುತ್ತದೆ. ‘ಪೈಥಾನ್ ಅನ್‌ಬಫರ್ಡ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡು. ಮಧ್ಯದಲ್ಲಿ ಪ್ರೋಗ್ರಾಂ ಸತ್ತರೆ ಕೂಡಿಟ್ಟ ಸಾಲುಗಳೂ ಅದರ ಜೊತೆ ಹೋಗುತ್ತವೆ. ನಮಗೆ ಬೇಕಾದ್ದು ಸಾಯುವ ಮೊದಲಿನ ಆ ಸಾಲುಗಳೇ ಅಲ್ವಾ.

ಹಾಗೇ ಪ್ರಿಂಟ್ ಬಿಟ್ಟು ಲಾಗರ್‌ಗೆ ಬನ್ನಿ. ಒಂದೊಂದು ಘಟನೆಗೆ ಒಂದು ಜೇಸನ್ ಸಾಲು. ಎಂಜಿನ್‌ಎಕ್ಸ್ ಪ್ರತಿ ರಿಕ್ವೆಸ್ಟ್‌ಗೆ ಒಂದು ಐಡಿ ಹುಟ್ಟಿಸುತ್ತದೆ. ಅದನ್ನು ಹೆಡರ್‌ನಲ್ಲಿ ಜಾಂಗೋಗೆ ಕೊಡಿ, ಜಾಂಗೋ ಅದನ್ನು ವರ್ಕರ್‌ಗೆ ಕೊಡಲಿ, ಮೂವರೂ ತಮ್ಮ ತಮ್ಮ ಸಾಲಿನಲ್ಲಿ ಅದನ್ನು ಬರೆಯಲಿ. ಆಗ ಲಾಗ್ ಒಂದು ಕಡೆ ಸೇರಿದ್ದಕ್ಕೆ ಅರ್ಥ ಬರುತ್ತದೆ. ಆ ಐಡಿ ಹಾಕಿ ಹುಡುಕಿದರೆ ಕಾರ್ಯದರ್ಶಿ ಬಟನ್ ಒತ್ತಿದಲ್ಲಿಂದ ಮೆಸೇಜ್ ಹೊರಡುವವರೆಗೆ ಒಂದೇ ದಾರ ಕಾಣುತ್ತದೆ. ನಾನು ಇಷ್ಟು ವರ್ಷದಲ್ಲಿ ಕಲಿತದ್ದರಲ್ಲಿ ಯಾರಿಗಾದರೂ ಒಂದನ್ನೇ ಹೇಳಿಕೊಡಬೇಕು ಅಂದರೆ ಈ ಐಡಿಯನ್ನೇ ಹೇಳಿಕೊಡುತ್ತೇನೆ.

ಹೊಸಂಗಡಿ 9200 · ಭಾನುವಾರ, ರಾತ್ರಿ 9:20

ಅಕ್ಕ ಹೇಳಿದ ಐಡಿ ವಿಷಯಕ್ಕೆ ನನ್ನದೂ ಒಂದು ಓಟು. ಯಾವ ಸಾಮಾನು ಹಾಕಿದರೂ ಅದು ಇರಲೇಬೇಕು. ಸಮಯವನ್ನು ಯುಟಿಸಿಯಲ್ಲೇ (ಜಗತ್ತಿನ ಮಾನಕ ಸಮಯ) ಬರೆಯಿರಿ, ಬ್ರೌಸರ್ ನೋಡುವಾಗ ನಮ್ಮ ಸಮಯಕ್ಕೆ ತಿರುಗಿಸಿ ತೋರಿಸುತ್ತದೆ. ಆದರೆ ಸರ್ವರ್‌ನಲ್ಲಿ ನೇರ ಲಾಗ್ ಓದುವಾಗ ಐದೂವರೆ ಗಂಟೆ ಮರೆಯಬೇಡಿ. ಬೆಳಿಗ್ಗೆ 5:10ರ ಹಾಲಿನ ಎಂಟ್ರಿ ಅಲ್ಲಿ ಹಿಂದಿನ ದಿನದ 23:40ಕ್ಕೆ ಕೂತಿರುತ್ತದೆ. ತಾರೀಕು ನೋಡಿ ಹುಡುಕಿದರೆ ಸಿಗುವುದಿಲ್ಲ.

ಬದಿಯಡ್ಕದ ಹುಡುಗ · ಮಂಗಳವಾರ, ರಾತ್ರಿ 10:15

ಸೊಸೈಟಿ ಪಿಸಿಗೂ ಹಾಕಿದೆ. ನಿನ್ನೆ ಸಂಜೆ ಗುಡುಗು ಮಳೆ, ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಹಳತು, ಪಿಸಿ ಒಮ್ಮೆಲೇ ಆಫ್. ಇವತ್ತು ವರ್ಕರ್‌ನ ಲಾಗ್ ಕೇಳಿದರೆ ಡಾಕರ್ ‘ಇನ್‌ವ್ಯಾಲಿಡ್ ಕ್ಯಾರೆಕ್ಟರ್’ ಅಂತ ಎರರ್ ಕೊಟ್ಟು ನಿಲ್ಲುತ್ತದೆ. ಗ್ರಾಫಾನಾದಲ್ಲಿ ಮಾತ್ರ ಕರೆಂಟು ಹೋಗುವವರೆಗಿನ ಸಾಲುಗಳು ಇವೆ.

ಮುಳ್ಳೇರಿಯ ಅಕ್ಕ · ಮಂಗಳವಾರ, ರಾತ್ರಿ 10:40

ಬರೆಯುತ್ತಿರುವಾಗಲೇ ಕರೆಂಟು ಹೋದರೆ ಆ ಜೇಸನ್ ಫೈಲಿನ ಕೊನೆಯಲ್ಲಿ ಖಾಲಿ ಬೈಟ್‌ಗಳು ಸೇರಿಕೊಳ್ಳುತ್ತವೆ. ಡಾಕರ್ ಅದನ್ನು ಓದಲಾರದೆ ನಿಲ್ಲುತ್ತದೆ. ಆ ಕಂಟೇನರನ್ನು ಹೊಸದಾಗಿ ಮಾಡು, ಸರಿ ಹೋಗುತ್ತದೆ. ಈಗ ಹೆದರಿಕೆ ಇಲ್ಲ, ಲಾಗ್ ಲೋಕಿಯಲ್ಲಿ ಉಂಟು. ಲೋಕಿ ಬಂದದ್ದನ್ನು ಮೊದಲು ಡಿಸ್ಕ್‌ನಲ್ಲಿ ಒಂದು ಕಚ್ಚಾ ಪುಸ್ತಕದ ಹಾಗೆ ಬರೆದಿಟ್ಟು, ಆಮೇಲೆ ಕಟ್ಟು ಕಟ್ಟುತ್ತದೆ. ಎದ್ದ ಮೇಲೆ ಆ ಪುಸ್ತಕ ಓದಿ ಮುಂದುವರಿಯುತ್ತದೆ. ಅದು ವಾಲ್ಯೂಮ್‌ನಲ್ಲಿ ಇದೆಯಾ ನೋಡಿಕೋ. ಸಾಮಾನ್ಯ ಫೋಲ್ಡರ್ ಮೌಂಟ್ ಮಾಡಿದರೆ ಬರೆಯಲು ಅನುಮತಿ ಇಲ್ಲ ಅನ್ನುತ್ತದೆ, ಯಾಕಂದರೆ ಅದರ ಬಳಕೆದಾರ ನಂಬರ್ 10001. ಹೆಸರಿಟ್ಟ ವಾಲ್ಯೂಮ್ ಕೊಟ್ಟರೆ ಆ ತಲೆನೋವಿಲ್ಲ.

ಡಿಸ್ಕ್ ತುಂಬದ ಹಾಗೆ ಎರಡು ಕಡೆ ಮಿತಿ ಹಾಕು. ಡಾಕರ್‌ನ ಜೇಸನ್ ಫೈಲಿಗೆ ತಾನಾಗಿ ಮಿತಿ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ. ಒಂದು ಫೈಲ್ 10 ಎಂಬಿ, ಮೂರು ಫೈಲ್ ಅಂತ ಹಾಕು. ಈ ಮಿತಿ ಹೊಸದಾಗಿ ಮಾಡಿದ ಕಂಟೇನರ್‌ಗೆ ಮಾತ್ರ ಹತ್ತುತ್ತದೆ, ಇರುವುದನ್ನು ರೀಸ್ಟಾರ್ಟ್ ಮಾಡಿದರೆ ಹತ್ತುವುದಿಲ್ಲ. ಲೋಕಿಯಲ್ಲಿ ಎಷ್ಟು ದಿನ ಇಡಬೇಕು ಅಂತ ಅವಧಿ ಬರೆದರೆ ಸಾಲದು. ಅದರ ಕಂಪ್ಯಾಕ್ಟರ್ ಅನ್ನುವ ಭಾಗದಲ್ಲಿ ಅಳಿಸುವುದನ್ನು ಆನ್ ಮಾಡಿದರೆ ಮಾತ್ರ ಅಳಿಸುತ್ತದೆ.

ಆ ಯುಪಿಎಸ್ ಬ್ಯಾಟರಿ ಬದಲಿಸಲಿಕ್ಕೆ ಕಾರ್ಯದರ್ಶಿಗೆ ಹೇಳು. ಪೋಸ್ಟ್‌ಗ್ರೆಸ್ ಗಟ್ಟಿ, ಆದರೆ ಅದನ್ನು ದಿನಾ ಪರೀಕ್ಷೆ ಮಾಡುವುದು ಬೇಡ.

ಅಡೂರು ಶನಿವಾರ · ಬುಧವಾರ, ರಾತ್ರಿ 9:00

ನಾನು ಮ್ಯಾಕ್‌ನವಳು. ಅಡೂರಲ್ಲಿ ಇಂಟರ್ನೆಟ್ ಭರವಸೆ ಇಲ್ಲ, ಮೊಬೈಲ್ ಡೇಟಾದಲ್ಲಿ ಇಷ್ಟು ಇಮೇಜ್ ಇಳಿಸುವುದು ಕಷ್ಟ. ಅವನು ‘ಡಾಕರ್ ಸೇವ್’ ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿ ಬದಿಯಡ್ಕದಿಂದ ಬಸ್ಸಲ್ಲಿ ಕಳಿಸಿದ. ‘ಲೋಡ್’ ಮಾಡಿದೆ. ನಮ್ಮ ಜಾಂಗೋ ಇಮೇಜ್ ಓಡಿಸಿದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’.

ಸೀತಾಂಗೋಳಿ · ಬುಧವಾರ, ರಾತ್ರಿ 9:10

ಅವನದ್ದು ಇಂಟೆಲ್, ನಿಮ್ಮದು ಆರ್ಮ್. ಇಮೇಜ್ ಒಳಗಿನ ಪ್ರೋಗ್ರಾಂ ನಿಮ್ಮ ಚಿಪ್‌ನ ಭಾಷೆಯದ್ದಲ್ಲ. ಅವರು ಪುಲ್ ಮಾಡುವಾಗ ಮತ್ತು ಬಿಲ್ಡ್ ಮಾಡುವಾಗ ಪ್ಲಾಟ್‌ಫಾರ್ಮ್ ‘ಆರ್ಮ್64’ ಅಂತ ಹೇಳಿ ಆಮೇಲೆ ಸೇವ್ ಮಾಡಬೇಕು. ಪೆನ್‌ಡ್ರೈವ್ ಉಪಾಯ ಒಳ್ಳೆಯದು, ಹೆದ್ದಾರಿ ಕೆಲಸದಲ್ಲಿ ನಮ್ಮಲ್ಲಿ ಕೇಬಲ್ ಕಡಿದಾಗಲೆಲ್ಲ ನಾನೂ ಹಾಗೇ ಮಾಡಿದ್ದೆ.

ಬದಿಯಡ್ಕದ ಹುಡುಗ · ಶುಕ್ರವಾರ, ರಾತ್ರಿ 11:30

ಇವತ್ತು ಬಟವಾಡೆ. ಈ ಸಲ ಲಾಗ್ ಸಿಕ್ಕಿತು!

ಕಾರ್ಯದರ್ಶಿ ಬಟನ್ ಒತ್ತಿದ ರಿಕ್ವೆಸ್ಟ್‌ನ ಐಡಿ ಹಾಕಿ ಹುಡುಕಿದೆ. ವರ್ಕರ್‌ನಲ್ಲಿ ಕೆಲವು ಎಚ್ಚರಿಕೆ ಸಾಲು ಇದ್ದವು, ‘ಹೆಸರಿಗೆ ಫೋನ್ ಸಿಗಲಿಲ್ಲ, ಬಿಟ್ಟೆ’ ಅಂತ. ಒಂದೇ ಮನೆಯ ಇಬ್ಬರು ಮೂವರಿಗೆ ಒಂದೇ ಫೋನ್ ಇರುವ ಕಾರಣ ನಾವು ಹೆಸರು, ಮನೆ ಹೆಸರು ಎರಡನ್ನೂ ಸೇರಿಸಿ ಹುಡುಕುತ್ತೇವೆ. ಆದರೆ ಸಾಲಿನಲ್ಲಿ ಹೆಸರು ಓದಲಿಕ್ಕೆ ಆಗುವುದಿಲ್ಲ. ಕನ್ನಡದ ಹೆಸರಾದರೂ ಮಲಯಾಳದ್ದಾದರೂ ಬರೀ ಬ್ಯಾಕ್‌ಸ್ಲ್ಯಾಶ್, ಯು, ನಾಲ್ಕು ಅಂಕೆ, ಹೀಗೆ ಉದ್ದಕ್ಕೆ. ಗ್ರಾಫಾನಾದಲ್ಲಿ ಹೆಸರು ಹಾಕಿ ಹುಡುಕಿದರೂ ಸಿಗುವುದಿಲ್ಲ.

ಹೊಸಂಗಡಿ 9200 · ಶನಿವಾರ, ಬೆಳಿಗ್ಗೆ 8:00

ಪೈಥಾನ್‌ನ ಜೇಸನ್ ತಾನಾಗಿ ಎಲ್ಲವನ್ನೂ ಆಸ್ಕಿಗೆ (ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆ ಮಾತ್ರ ಇರುವ ಪಟ್ಟಿ) ಇಳಿಸುತ್ತದೆ. ‘ಎನ್ಶೂರ್ ಆಸ್ಕಿ’ ಅನ್ನುವುದಕ್ಕೆ ‘ಫಾಲ್ಸ್’ ಕೊಡಿ, ಅಕ್ಷರ ಹಾಗೇ ಬರುತ್ತದೆ. ಲೋಕಿ ಸಾಲನ್ನು ಇದ್ದ ಹಾಗೇ ಹೋಲಿಸುತ್ತದೆ, ಅದಕ್ಕೇ ನಿಮಗೆ ಸಿಗಲಿಲ್ಲ.

ಬದಿಯಡ್ಕದ ಹುಡುಗ · ಶನಿವಾರ, ಮಧ್ಯಾಹ್ನ 12:40

ಮಾಡಿದೆ. ಈಗ ಹೆಸರು ಚೆಂದ ಓದಲಿಕ್ಕೆ ಆಗುತ್ತದೆ. ಆದರೆ ತಲೆ ಇನ್ನೂ ಕೆಟ್ಟಿತು. ಬಿಟ್ಟುಹೋದವರೆಲ್ಲರದ್ದೂ ಮಲಯಾಳದಲ್ಲಿ ಬರೆದ ಹೆಸರು. ಹುಡುಕಿದ ಹೆಸರು, ಪಟ್ಟಿಯಲ್ಲಿರುವ ಹೆಸರು ಎರಡನ್ನೂ ಲಾಗ್ ಮಾಡಿಸಿದೆ. ಕಣ್ಣಿಗೆ ಎರಡೂ ಒಂದೇ. ಒಂದು ಚುಕ್ಕಿಯೂ ವ್ಯತ್ಯಾಸ ಇಲ್ಲ. ಪೈಥಾನ್ ಮಾತ್ರ ಬೇರೆ ಬೇರೆ ಅನ್ನುತ್ತದೆ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಹೀಗೆ ಒಮ್ಮೆಯೂ ಆಗಲಿಲ್ಲ.

ಪೆರ್ಲದ ಮೇಷ್ಟ್ರು · ಶನಿವಾರ, ಸಂಜೆ 5:20

ಇಷ್ಟು ದಿನ ಓದುತ್ತಿದ್ದೆ, ಈಗ ನನಗೆ ಗೊತ್ತಿರುವ ವಿಷಯ ಬಂತು. ನಾನು ಎರಡೂ ಭಾಷೆಯ ಡಿಟಿಪಿ ಮಾಡುವವನು.

ಆ ಹೆಸರುಗಳ ಕೊನೆಯಲ್ಲಿ ನ್, ರ್, ಲ್, ಳ್ ಬರುತ್ತದಾ ನೋಡಿ. ಮಲಯಾಳದಲ್ಲಿ ಅದಕ್ಕೆ ಚಿಲ್ಲಕ್ಷರ ಅನ್ನುತ್ತಾರೆ. ನಮ್ಮ ಅರ್ಧಾಕ್ಷರದ ಹಾಗೆ, ಆದರೆ ಅದಕ್ಕೆ ಸ್ವಂತ ರೂಪ ಉಂಟು. ಮೊದಲು ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಯ ಅಕ್ಷರಗಳಿಗೆ ಸಂಕೇತ ಕೊಡುವ ವ್ಯವಸ್ಥೆ) ಅದನ್ನು ಮೂರು ಸಂಕೇತ ಸೇರಿಸಿ ಬರೆಯುತ್ತಿದ್ದರು. ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಚಿಹ್ನೆ), ಕಣ್ಣಿಗೆ ಕಾಣದ ಒಂದು ಜೋಡಕ. 2008ರಲ್ಲಿ ಯೂನಿಕೋಡ್ 5.1 ಬಂದಾಗ ಚಿಲ್ಲುಗಳಿಗೆ ಒಂದೊಂದೇ ಸಂಕೇತ ಕೊಟ್ಟರು. ಪರದೆ ಮೇಲೆ ಎರಡೂ ಒಂದೇ ಹಾಗೆ ಕಾಣುತ್ತದೆ. ಕಂಪ್ಯೂಟರಿಗೆ ಎರಡು ಬೇರೆ.

ಮತ್ತೆ ಆ ಬ್ಯಾಕ್‌ಸ್ಲ್ಯಾಶ್ ರೂಪದಲ್ಲೇ ಈ ಎರಡು ಹೆಸರನ್ನು ಒಮ್ಮೆ ಬರೆಸಿ ನೋಡಿ. ಒಂದರಲ್ಲಿ ನ್‌ಗೆ 0ಡಿ28, 0ಡಿ4ಡಿ, 200ಡಿ ಅಂತ ಮೂರು ಇರಬೇಕು. ಇನ್ನೊಂದರಲ್ಲಿ 0ಡಿ7ಬಿ ಒಂದೇ. ಓದಲಿಕ್ಕೆ ಚೆಂದ ಮಾಡಿದ್ದರಿಂದ ವ್ಯತ್ಯಾಸ ಮುಚ್ಚಿಹೋಗಿದೆ.

ಬದಿಯಡ್ಕದ ಹುಡುಗ · ಶನಿವಾರ, ಸಂಜೆ 6:05

ಮೇಷ್ಟ್ರೇ, ಅಕ್ಷರಕ್ಕೆ ಅಕ್ಷರ ಹಾಗೇ ಇದೆ. ಪಟ್ಟಿಯಲ್ಲಿ ಮೂರು ಸಂಕೇತ, ಫಾರ್ಮ್‌ನಿಂದ ಬಂದದ್ದರಲ್ಲಿ ಒಂದು. ಸದಸ್ಯರ ಪಟ್ಟಿ ಸೊಸೈಟಿಯ ಹಳೆಯ ಎಕ್ಸೆಲ್ ಫೈಲಿನಿಂದ ಬಂದದ್ದು. ಹೊಸ ಎಂಟ್ರಿಗಳನ್ನು ಫೋನಲ್ಲಿ ಟೈಪ್ ಮಾಡುತ್ತಾರೆ. ನಾವು ಲ್ಯಾಪ್‌ಟಾಪಲ್ಲಿ ಪರೀಕ್ಷೆಗೆ ಹಾಕಿದ ಹೆಸರೆಲ್ಲ ನಾವೇ ಫೋನಲ್ಲಿ ಟೈಪ್ ಮಾಡಿದ್ದು, ಅದಕ್ಕೇ ಅಲ್ಲಿ ತೊಂದರೆ ಕಾಣಲಿಲ್ಲ.

ಯೂನಿಕೋಡ್ ನಾರ್ಮಲೈಸ್ (ಒಂದೇ ಅಕ್ಷರದ ಬೇರೆ ರೂಪಗಳನ್ನು ಒಂದು ಮಾಡುವುದು) ಮಾಡಿದರೆ ಸಾಕಾ?

ಪೆರ್ಲದ ಮೇಷ್ಟ್ರು · ಶನಿವಾರ, ಸಂಜೆ 6:30

ಸಾಲದು. ನಾರ್ಮಲೈಸ್ ಈ ಎರಡನ್ನು ಒಂದು ಮಾಡುವುದಿಲ್ಲ. ಚಿಲ್ಲುಗಳಿಗೆ ನೀವೇ ಒಂದು ಸಣ್ಣ ಕೋಷ್ಟಕ ಮಾಡಿ ಹಳೆಯ ರೂಪವನ್ನು ಹೊಸದಕ್ಕೆ ತಿರುಗಿಸಬೇಕು. ಆದರೆ ಜನರ ಹೆಸರನ್ನು ತಿದ್ದಬೇಡಿ. ಅವರು ಬರೆದ ಹೆಸರು ಅವರು ಬರೆದ ಹಾಗೇ ಇರಲಿ. ಹುಡುಕಲಿಕ್ಕೆ ಅಂತ ಬೇರೆಯೇ ಒಂದು ಕಾಲಂ ಇಟ್ಟು ಅದರಲ್ಲಿ ತಿರುಗಿಸಿದ ರೂಪ ಇಡಿ. ಕನ್ನಡದಲ್ಲೂ ಇದು ಉಂಟು. ‘ರಾಜ್‌ಕುಮಾರ್’ ಅಂತ ಬರೆಯುವಾಗ ಜ್ ಬಿಡಿಯಾಗಿ ಕಾಣಲು ನಡುವೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಒಬ್ಬರು ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ. ಹುಡುಕುವ ಕಾಲಂನಲ್ಲಿ ಅದನ್ನೂ ತೆಗೆಯಿರಿ.

ಎರಡು ಲಿಪಿಯ ಹೆಸರುಗಳು ಒಂದೇ ಪಟ್ಟಿಯಲ್ಲಿ ಇರುವ ಊರು ನಮ್ಮದು. ಇಲ್ಲಿಗೆ ಆಪ್ ಮಾಡುವವರು ಈ ಎರಡನ್ನೂ ಮೊದಲೇ ಪರೀಕ್ಷೆಗೆ ಹಾಕಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಮುಳ್ಳೇರಿಯ ಅಕ್ಕ · ಶನಿವಾರ, ರಾತ್ರಿ 8:10

ಮೇಷ್ಟ್ರಿಗೆ ದೊಡ್ಡ ನಮಸ್ಕಾರ. ಇದು ನನಗೂ ಗೊತ್ತಿರಲಿಲ್ಲ.

ಒಂದು ಮಾತು ತಮ್ಮಾ. ಈಗ ಹುಡುಕಲಿಕ್ಕೆ ಅಂತ ಪೂರ್ತಿ ಹೆಸರು ಲಾಗ್ ಮಾಡಿಸಿದ್ದೀಯ, ಕೆಲಸ ಮುಗಿದ ಮೇಲೆ ತೆಗೆದುಬಿಡು. ಸದಸ್ಯರ ನಂಬರ್ ಸಾಕು. ಫೋನ್ ನಂಬರ್ ಬೇಕೇ ಬೇಕು ಅಂದರೆ ಕೊನೆಯ ನಾಲ್ಕು ಅಂಕೆ. ಬ್ಯಾಂಕ್ ಖಾತೆ, ಆಧಾರ್ ಒಂದಂಕೆಯೂ ಬೇಡ. ವೈಯಕ್ತಿಕ ಮಾಹಿತಿಗೆ 2023ರಲ್ಲಿ ಕಾಯಿದೆಯೇ ಬಂದಿದೆ. ಕಾಯಿದೆ ಇರಲಿ ಬಿಡಲಿ, ಅವರು ನಂಬಿ ಕೊಟ್ಟದ್ದು. ಲ್ಯಾಪ್‌ಟಾಪ್‌ಗೆ ಪರೀಕ್ಷೆಗೆ ಅಂತ ಪಟ್ಟಿ ತರುವುದಾದರೂ ಫೋನ್ ನಂಬರ್ ಬದಲಿಸಿ ತಾ. ಹೆಸರಿನ ಚಿಲ್ಲುಗಳು ಉಳಿಯಬೇಕು, ಯಾರ ಹೆಸರು ಅಂತ ಗೊತ್ತಾಗಬಾರದು. ಮನೆ ಹೆಸರು ಅದಲು ಬದಲು ಮಾಡು.

ಇನ್ನೊಂದು. ಅಲಾಯ್‌ಗೆ ಡಾಕರ್‌ನ ಸಾಕೆಟ್ (ಡಾಕರ್ ಜೊತೆ ಮಾತಾಡುವ ಬಾಗಿಲು) ಕೊಟ್ಟಿದ್ದೀಯ ಅಲ್ವಾ? ‘ಓದಲಿಕ್ಕೆ ಮಾತ್ರ’ ಅಂತ ಮೌಂಟ್ ಮಾಡಿದರೂ ಆ ಸಾಕೆಟ್ ಇದ್ದವರು ಡಾಕರ್‌ಗೆ ಏನು ಬೇಕಾದರೂ ಹೇಳಬಹುದು. ಅಂದರೆ ಮೆಷಿನ್‌ನ ಬೀಗದ ಕೈಯೇ ಕೊಟ್ಟ ಹಾಗೆ. ಗೊತ್ತಿಲ್ಲದ ಇಮೇಜ್‌ಗೆ ಅದನ್ನು ಕೊಡಬೇಡ.

ಬದಿಯಡ್ಕದ ಹುಡುಗ · ಸೋಮವಾರ, ರಾತ್ರಿ 9:25

ಕೋಷ್ಟಕ ಬರೆದೆವು, ಹುಡುಕುವ ಕಾಲಂ ಸೇರಿಸಿದೆವು. ಉಪ್ಪಳದವನು ಪರೀಕ್ಷೆ ಬರೆದ, ಹಳೆಯ ಚಿಲ್ಲು, ಹೊಸ ಚಿಲ್ಲು, ಕನ್ನಡದ ಕಾಣದ ಸಂಕೇತ ಎಲ್ಲ ಸೇರಿಸಿ. ಮೂರೂ ಲ್ಯಾಪ್‌ಟಾಪಲ್ಲಿ ಒಂದೇ ಕಂಪೋಸ್ ಫೈಲ್‌ನಿಂದ ಓಡಿಸಿದೆವು. ಮೂರರಲ್ಲೂ ಒಂದೇ ಉತ್ತರ ಬಂತು. ಹೆಸರು ಬರೆಯುವ ಲಾಗ್ ಸಾಲು ತೆಗೆದಾಯಿತು. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂತು.

ಬಿಟ್ಟುಹೋದವರಿಗೆ ಇವತ್ತು ಸಂಜೆ ಮೆಸೇಜ್ ಕಳಿಸಿದೆವು. ನಾನು ಸೊಸೈಟಿಯಲ್ಲೇ ಇದ್ದೆ. ಗ್ರಾಫಾನಾದಲ್ಲಿ ಆ ಐಡಿ ಹಾಕಿ ಕೂತಿದ್ದೆ, ಎಂಜಿನ್‌ಎಕ್ಸ್‌ನ ಒಂದು ಸಾಲು, ಜಾಂಗೋದ ಎರಡು, ಆಮೇಲೆ ವರ್ಕರ್‌ನ ‘ಕಳಿಸಿದೆ’ ಅನ್ನುವ ಸಾಲುಗಳು ಒಂದರ ಕೆಳಗೆ ಒಂದು ಬಂದವು. ಸಂಜೆಯ ಹಾಲು ಹಿಡಿದುಕೊಂಡು ಆ ಅಜ್ಜ ಬಂದಿದ್ದರು. ಕ್ಯಾನ್ ಕೆಳಗಿಟ್ಟು, ಅಂಗಿ ಜೇಬಿನಿಂದ ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. ಬಂದಿತ್ತು. ಅವರಿಗೆ ಮೊತ್ತ ಓದಿ ಹೇಳಿದೆ.